ಎರಡು ಎಡ ರೆಕ್ಕೆಗಳ ವಿಮಾನ

೧

ಈ ಕಥೆಯನ್ನು ಎಲ್ಲಿಂದ ಎತ್ತಬೇಕು ಅನ್ನುವುದರಲ್ಲೇ ಒಂದು ವಾರ ಹೋಯಿತು. ಆಕಾಶದಿಂದ ಶುರು ಮಾಡಿದರೆ ಜಂಬ ಅನ್ನುತ್ತೀರಿ. ಕೊರಿಯರ್ ಡಬ್ಬಿಯಿಂದ ಶುರು ಮಾಡಿದರೆ ಜಾಹೀರಾತು ಅನ್ನುತ್ತೀರಿ. ಮೊದಲ ಕರಡಿನಲ್ಲಿ ಹಂಪಿಯ ಸೂರ್ಯಾಸ್ತ ಇತ್ತು. ಅದನ್ನು ಹರಿದು ಹಾಕಿದೆ. ಹಂಪಿಯ ಸೂರ್ಯಾಸ್ತದ ಮುಂದೆ ಈಗಾಗಲೇ ಬೇಕಾದಷ್ಟು ಜನ ಮೊಬೈಲ್ ಎತ್ತಿ ನಿಂತಿದ್ದಾರೆ, ನಾನೂ ಹೋಗಿ ನಿಂತರೆ ಹಿಂದಿನವರಿಗೆ ಏನೂ ಕಾಣುವುದಿಲ್ಲ.

ಆದ್ದರಿಂದ ಹೊಸಪೇಟೆಯ ಒಂದು ಬಾಡಿಗೆ ಮನೆಯ ಊಟದ ಟೇಬಲ್ಲಿನಿಂದ ಶುರು. ಟೇಬಲ್ ಮೇಲೆ ರಿಮೋಟಿನಿಂದ ಹಾರಿಸುವ ಪುಟ್ಟ ವಿಮಾನದ ಕಿಟ್ ಬಿಚ್ಚಿ ಹರಡಿದೆ. ಹರಡಿದವನು ಬಸವಕುಮಾರ್. ಸಂಡೂರಿನ ಗಣಿಯೊಂದರ ವೇಬ್ರಿಡ್ಜಿನಲ್ಲಿ ಅದಿರು ತುಂಬಿದ ಲಾರಿಗಳನ್ನು ತೂಗುವುದು ಅವನ ಕೆಲಸ. ಹಗಲೆಲ್ಲ ಟನ್ನುಗಳಲ್ಲಿ ಬದುಕಿ, ಸಂಜೆ ಮನೆಗೆ ಬಂದು ಕೆಂಪು ಧೂಳು ತೊಳೆದುಕೊಂಡು, ಅಡುಗೆಮನೆಯ ಪುಟ್ಟ ತಕ್ಕಡಿಯಲ್ಲಿ ಬಾಲ್ಸಾ ಕಟ್ಟಿಗೆಯ ಪಟ್ಟಿಗಳನ್ನು ಗ್ರಾಂ ಲೆಕ್ಕದಲ್ಲಿ ತೂಗುತ್ತಾನೆ. ಬಾಲ್ಸಾ ಅಂದರೆ ಹಪ್ಪಳದಷ್ಟು ಹಗುರ. ಯಾರಾದರೂ ಜೋರಾಗಿ ಸೀನಿದರೆ ಟೇಬಲ್ ದಾಟಿ ಹೋಗುತ್ತದೆ. ನಕ್ಷೆಯ ಮೇಲೆ ಅದನ್ನಿಟ್ಟು, ಗುಂಡುಪಿನ್ನು ಚುಚ್ಚಿ, ಅಂಟು ಹಾಕಿ ರೆಕ್ಕೆ ಕಟ್ಟಬೇಕು. ಮೋಟರು, ಬ್ಯಾಟರಿ, ರಿಮೋಟ್ ಬೇರೆ ಡಬ್ಬಿಯಲ್ಲಿವೆ.

ಅದೇ ಮನೆಯ ಇನ್ನೊಂದು ಮೂಲೆಯಲ್ಲಿ, ಕಪ್ಪು ಕನ್ನಡಕ ಹಾಕಿಕೊಂಡು ಕೂತವಳು ಯಲ್ಲಕ್ಕ, ಅವನ ಅತ್ತೆ. ಕಂಪ್ಲಿಯವಳು. ಕಣ್ಣಿನ ಪೊರೆ ತೆಗೆಸಿಕೊಳ್ಳಲು ಮಗಳ ಮನೆಗೆ ಬಂದಳು. ಆಪರೇಷನ್ ಮುಗಿದ ವಾರವೇ ಮಗಳು ಶಿಲ್ಪಶ್ರೀಗೆ ಬಳ್ಳಾರಿಯಲ್ಲಿ ಟ್ರೇನಿಂಗ್ ಬಿತ್ತು. ಮನೆಯಲ್ಲಿ ಉಳಿದವರು ಇಬ್ಬರೇ.

ಈಗ ತೊಡಕು ಹೇಳುತ್ತೇನೆ. ಯಲ್ಲಕ್ಕ ಅಳಿಯನೊಂದಿಗೆ ಮಾತಾಡುವುದಿಲ್ಲ. ಜಗಳವಲ್ಲ, ಮರ್ಯಾದೆ. ಅವಳ ಕಡೆ ಅತ್ತೆಯಾದವಳು ಅಳಿಯ ಬಂದರೆ ಸೆರಗು ಹೊದ್ದು ಗೋಡೆ ಕಡೆ ತಿರುಗುತ್ತಾಳೆ, ಹೇಳಬೇಕಾದ್ದನ್ನು ಮೂರನೆಯವರಿಗೆ ಹೇಳುತ್ತಾಳೆ. ಅಳಿಯ ಅಂದರೆ ದೇವರ ಸಮಾನ. ದೇವರ ಹತ್ತಿರ ಯಾರಾದರೂ ಒಗ್ಗರಣೆ ಸೀದ ವಿಷಯ ಮಾತಾಡುತ್ತಾರೆಯೇ? ಬಸವಕುಮಾರ್‌ಗೆ ಈ ದೇವರ ಪದವಿ ಬೇಡವಾಗಿದೆ. ಚಿಕ್ಕವನಿದ್ದಾಗಲೇ ಅವ್ವನನ್ನು ಕಳೆದುಕೊಂಡವನು. ಮದುವೆಯಾದಾಗಿನಿಂದ ಅವನ ಆಸೆ ಒಂದೇ: ಅತ್ತೆ ಒಂದು ಸಲ ತನ್ನ ಮುಖ ನೋಡಿ ಮಾತಾಡಲಿ.

(ಇಷ್ಟು ಬೇಗ ಪಾತ್ರದ ಆಸೆಯನ್ನು ಬಾಯಿಬಿಟ್ಟು ಹೇಳಬಾರದು, ಸೂಚಿಸಬೇಕು ಅಂತ ವಿಮರ್ಶಕ ಮಿತ್ರರೊಬ್ಬರು ಅಂದರು. ಅವರ ಅತ್ತೆ ಅವರ ಜೊತೆ ದಿನಾ ಮಾತಾಡುತ್ತಾರೆ, ಅವರಿಗೇನು ಗೊತ್ತು.)

೨

ಮೊದಮೊದಲು ಫೋನ್ ಇತ್ತು. ಕುಕ್ಕರ್ ಕೂಗಿದರೆ ಯಲ್ಲಕ್ಕ ಪಡಸಾಲೆಯಿಂದ ಬಳ್ಳಾರಿಗೆ ಫೋನ್ ಹಚ್ಚುತ್ತಿದ್ದಳು: "ಶಿಲ್ಪಾ, ಅಳಿಯಂದ್ರಿಗೆ ಗ್ಯಾಸ್ ಆರಸಾಕ ಹೇಳವಾ." ಬಳ್ಳಾರಿಯಿಂದ ಅಡುಗೆಮನೆಗೆ ಫೋನ್ ಬರುತ್ತಿತ್ತು. ಅಷ್ಟರಲ್ಲಿ ಬೇಳೆ ತಳ ಹಿಡಿದಿರುತ್ತಿತ್ತು. ಹೀಗೆ ಮಾತೆಲ್ಲ ಬಳ್ಳಾರಿ ಸುತ್ತಿ ಬಂದು ಬಂದು, ಕೊನೆಗೆ ಶಿಲ್ಪಶ್ರೀ ಫೋನ್ ಸ್ವಿಚ್ ಆಫ್ ಮಾಡಿದಳು.

ಆಮೇಲೆ ಯಲ್ಲಕ್ಕ ಸಾಮಾನುಗಳ ಜೊತೆ ಮಾತಾಡತೊಡಗಿದಳು. "ಏ ಚರಗಿ, ನಿನ್ನೊಳಗ ನೀರಿಲ್ಲ ನೋಡು," ಅನ್ನುವಳು. ಅಳಿಯ ಎದ್ದು ನೀರು ತುಂಬುವನು. ಅನ್ನಕ್ಕೆ ಉಪ್ಪು ಹೆಚ್ಚಾದರೆ ಅನ್ನವನ್ನೇ ಬೈಯುವಳು. ಪಾಪ, ಬೈಸಿಕೊಂಡ ಅನ್ನವನ್ನು ಅವನು ತಲೆ ತಗ್ಗಿಸಿ ತಿನ್ನುವನು.

೨ (ಮತ್ತೆ)

ಇಲ್ಲಿ ನಾನು ತಪ್ಪಿ ಕಾಲಿಟ್ಟೆ. ಟೇಬಲ್ಲಿನ ವರ್ಣನೆ ಸರಿಯಾಗಿ ಬರೆಯೋಣವೆಂದು ಒಂದು ಸಂಜೆ ಆ ಮನೆಯೊಳಗೆ ಹೋಗಿದ್ದೇ ತಡ, ಯಲ್ಲಕ್ಕ ಕಪ್ಪು ಕನ್ನಡಕ ನನ್ನ ಕಡೆ ತಿರುಗಿಸಿದಳು.

"ಬರ್ಯೋರಲ್ಲೇನ್ರಿ ನೀವು?"

"ಹೌದು, ನಾನು ಸುಮ್ಮನೆ ನೋಡಲು..."

"ಕುಂದ್ರಿ. ಚೊಲೋ ಆತು ಬಂದ್ರಿ. ಅಳಿಯಂದ್ರಿಗೆ ಹೇಳ್ರಿ, ಟೇಬಲ್ ಖಾಲಿ ಮಾಡಿದ್ರ ಉಣಬಹುದು ಅಂತ."

ಬಸವಕುಮಾರ್ ಪಕ್ಕದಲ್ಲೇ ಇದ್ದ. ಕೇಳಿಸಿತ್ತು. ಆದರೂ ನನ್ನ ಬಾಯಿಂದ ಬರುವವರೆಗೆ ಕಾದ. ನಾನು ಹೇಳಿದೆ. "ಅತ್ತ್ಯಾರಿಗೆ ಹೇಳ್ರಿ ಸರ್," ಅಂದ ಅವನು, "ಅಂಟು ಹಸಿ ಐತಿ, ಇವತ್ತೊಂದಿನ ನೆಲದ ಮ್ಯಾಲ ಕುಂತು ಉಣ್ಣೋಣು ಅಂತ." ಅಂದಿನಿಂದ ನಾನು ಕಥೆಗಾರ ಅಲ್ಲ, ಟಪಾಲು. ಕೆಲಸದಲ್ಲಿ ಸ್ವಲ್ಪ ಸ್ವಾತಂತ್ರ್ಯ ತೆಗೆದುಕೊಂಡೆ, ಅದು ನಿಜ. "ಮಕ್ಕಳ ಆಟದ ಸಾಮಾನು ಹಿಡ್ಕೊಂಡು ಕುಂತಾರ" ಅಂತ ಅವಳು ಅಂದರೆ, "ಅತ್ತೆಗೆ ನಿಮ್ಮ ತಾಳ್ಮೆ ಮೆಚ್ಚಿಗೆಯಾಗಿದೆ" ಅಂತ ದಾಟಿಸುತ್ತಿದ್ದೆ.

೩

ರೆಕ್ಕೆ.

ಕಿಟ್ಟಿನ ನಕ್ಷೆಯಲ್ಲಿ ಎಡ ರೆಕ್ಕೆ ಒಂದನ್ನೇ ಬರೆದಿರುತ್ತಾರೆ. ಬಲ ರೆಕ್ಕೆಯನ್ನು ಅದನ್ನೇ ತಿರುವು ಮುರುವು ಮಾಡಿ ಕಟ್ಟಿಕೊಳ್ಳಬೇಕು. ಬಸವಕುಮಾರ್ ಎಡ ರೆಕ್ಕೆ ಕಟ್ಟಿದ. ಬಹಳ ಚೆನ್ನಾಗಿ ಬಂತು. ಆ ಖುಷಿಯಲ್ಲಿ ಅದೇ ನಕ್ಷೆಯ ಮೇಲೆ ಇನ್ನೊಂದನ್ನೂ ಕಟ್ಟಿದ. ಅದೂ ಬಹಳ ಚೆನ್ನಾಗಿ ಬಂತು. ಎರಡನ್ನೂ ವಿಮಾನದ ಮೈಗೆ ಹಿಡಿದು ನೋಡಿದರೆ ಒಂದರ ದಪ್ಪ ಅಂಚು ಮುಂದಕ್ಕೆ, ಇನ್ನೊಂದರದು ಹಿಂದಕ್ಕೆ.

ಯಲ್ಲಕ್ಕ ಕನ್ನಡಕ ಎತ್ತಿ, ಆಪರೇಷನ್ ಆದ ಹೊಸ ಕಣ್ಣಿನಿಂದ ನೋಡಿದಳು.

"ಅಳಿಯಂದ್ರಿಗೆ ಹೇಳ್ರಿ, ಎರಡೂ ಎಡಗಾಲಿನ ಚಪ್ಪಲ್ ಆಗ್ಯಾವು."

ಇದನ್ನು ಹೇಗೆ ಮೆತ್ತಗೆ ಮಾಡಿ ದಾಟಿಸುವುದು? ನಾನು ಯೋಚಿಸುವಷ್ಟರಲ್ಲಿ ಬಸವಕುಮಾರ್ ಕುರ್ಚಿಯಲ್ಲಿ ಕುಸಿದಿದ್ದ. ನಾನು ಒಂದು ಸಲಹೆ ಕೊಟ್ಟೆ: ಹೀಗೇ ಬಿಡು, ಎರಡು ಎಡ ರೆಕ್ಕೆಗಳ ವಿಮಾನ ಅಂದರೆ ಈ ಕಾಲದ ಮನುಷ್ಯನಿಗೆ ಒಳ್ಳೆಯ ರೂಪಕ.

"ರೂಪಕ ಹಾರಂಗಿಲ್ಲ ಸರ್," ಅಂದ.

ಅವನ ಮುಖ ನೋಡಿ ಯಲ್ಲಕ್ಕನಿಗೂ ಮರುಕವಾಗಿರಬೇಕು. ಅಳಿಯಂದಿರು ಏನಾದರೂ ತಿನ್ನಲಿ ಅಂತ ಹೇಳಿ ನನ್ನನ್ನೇ ಬೀದಿ ತುದಿಯ ಬಂಡಿಗೆ ಓಡಿಸಿದಳು. ಬಿಸಿ ಮಿರ್ಚಿ ಬಜ್ಜಿ ತಂದೆ. ಇಡಲು ಟೇಬಲ್ ಮೇಲೆ ಜಾಗವೆಲ್ಲಿದೆ? ನಕ್ಷೆಯ ಮೇಲೇ ಇಟ್ಟೆ. ತಿಂದು ಮುಗಿಸಿ ಪೊಟ್ಟಣ ಎತ್ತಿದರೆ ನಕ್ಷೆಯ ಮೇಲೆ ಇಷ್ಟಗಲ ಎಣ್ಣೆ ಕಲೆ. ನನ್ನನ್ನು ಬೈಯಲು ಬಾಯಿ ತೆರೆದ ಬಸವಕುಮಾರ್ ಹಾಗೇ ನಿಂತ. ಕಾಗದ ಎತ್ತಿ ದೀಪಕ್ಕೆ ಹಿಡಿದ, ತಿರುಗಿಸಿದ. ಎಣ್ಣೆ ಹೀರಿದ ಜಾಗದಲ್ಲಿ ಗೆರೆಗಳು ಹಿಂದಿನಿಂದಲೂ ಸ್ಪಷ್ಟವಾಗಿ ಕಾಣುತ್ತಿದ್ದವು, ಅದೂ ತಿರುವು ಮುರುವಾಗಿ. ಅಡುಗೆಮನೆಯಿಂದ ಶೇಂಗಾ ಎಣ್ಣೆ ತಂದು ಇಡೀ ನಕ್ಷೆಗೆ ಸವರಿದ, ಮಗುಚಿ ಹಾಸಿದ, ಹೊಸ ಪಟ್ಟಿಗಳನ್ನು ತರಿಸಿ ಬಲ ರೆಕ್ಕೆ ಕಟ್ಟಿದ.

(ಇದು ಲೇಖಕನ ಕೈವಾಡ ಅಂತ ನಿಮಗೆ ಅನುಮಾನ ಬರಬಹುದು. ಮಿರ್ಚಿ ತಂದವನು ನಾನೇ, ಇಟ್ಟವನೂ ನಾನೇ. ಆದರೆ ದೇವರಾಣೆ, ನನಗೂ ಗೊತ್ತಿರಲಿಲ್ಲ.)

೫

ನಾಲ್ಕನ್ನು ತೆಗೆದುಹಾಕಿದೆ. ಅದರಲ್ಲಿ ರೆಕ್ಕೆಗೆ ಪ್ಲಾಸ್ಟಿಕ್ ಹೊದಿಕೆ ಹಾಕಿ ಇಸ್ತ್ರಿ ಮಾಡುವ ವರ್ಣನೆ ಇತ್ತು. ಬಸವಕುಮಾರ್ ಓದಿ ಆಕಳಿಸಿದ.

ಈಗ ಹಾರಿಸುವ ಮಾತು. ನಾನು ಕೇಳಿದೆ: ಹಂಪಿ ಬಜಾರ್ ಮೇಲೆ ಹಾರಿಸೋಣವೇ? ಆ ಕಲ್ಲು ಮಂಟಪಗಳು, ಎದುರಿಗೆ ಗೋಪುರ...

"ಅಲ್ಲಿ ಬಿಡಂಗಿಲ್ಲ ಸರ್. ಹಿಡ್ಕೊಂಡು ಹೋಗ್ತಾರ. ನಿಮಗೇನು, ನೀವು ಪುಟ ತಿರುವಿ ಪಾರಾಗ್ತೀರಿ."

ಹಾಗಾದರೆ ಕಮಲಾಪುರದ ಬಾಳೆತೋಟಕ್ಕೆ ಬೀಳಿಸಲೇ? ಅಥವಾ ಕಂಪ್ಲಿಯ ಕಬ್ಬಿನಲ್ಲಿ ಕಳೆದುಹೋಗಿ, ಕಬ್ಬು ಕಡಿಯುವ ಕಾಲಕ್ಕೆ ಸಿಗುವಂತೆ ಮಾಡಲೇ? ಎರಡೂ ಮುಕ್ತಾಯಗಳು ನನ್ನ ಹತ್ತಿರ ಸಿದ್ಧವಾಗಿದ್ದವು.

"ಅಳಿಯಂದ್ರಿಗೆ ಹೇಳ್ರಿ," ಅಂದಳು ಯಲ್ಲಕ್ಕ, "ಈ ಬರ್ಯೋರ ಮಾತು ಕೇಳಬ್ಯಾಡ್ರಿ ಅಂತ."

ಇದನ್ನೂ ನಾನೇ ಹೇಳಬೇಕಾಯಿತು.

೬

ಭಾನುವಾರ ಬೆಳಿಗ್ಗೆ, ಸಂಡೂರು ರಸ್ತೆಯ ಒಂದು ಲೇಔಟ್. ಸೈಟಿನ ಕಲ್ಲುಗಳಿವೆ, ಡಾಂಬರು ರಸ್ತೆಗಳಿವೆ, ಮನೆ ಮಾತ್ರ ಒಂದೂ ಎದ್ದಿಲ್ಲ. ಒಂದು ಕಡೆ ಕರೆಂಟಿನ ತಂತಿ, ಇನ್ನೊಂದು ಕಡೆ ಮೆಕ್ಕೆಜೋಳದ ಹೊಲ. ಒಂದೇ ಸ್ಕೂಟರಿನಲ್ಲಿ ಮೂವರು ಬಂದೆವು. ಅಳಿಯನ ಹಿಂದೆ ನೇರವಾಗಿ ಕೂರಲು ಯಲ್ಲಕ್ಕ ಒಪ್ಪದ್ದರಿಂದ ನಡುವೆ ನಾನು.

ಬಸವಕುಮಾರ್ ನನಗೆ ಪಾಠ ಮಾಡಿದ, ಅತ್ತೆಗೂ ಕೇಳಿಸುವಂತೆ. "ವಿಮಾನ ನಮ್ಮಿಂದ ದೂರ ಹೋಗುವಾಗ ಎಡ ಅಂದ್ರ ಎಡ, ಬಲ ಅಂದ್ರ ಬಲ ಸರ್. ತಿರುಗಿ ನಮ್ಮ ಕಡೀಗೆ ಬರುವಾಗ ಎಲ್ಲಾ ಉಲ್ಟಾ. ದೂರದಾಗ ಅದು ಬರಾಕತ್ತೈತೋ ಹೋಗಾಕತ್ತೈತೋ ಗೊತ್ತಾಗಂಗಿಲ್ಲ, ಅದ ಕಷ್ಟ."

ಎಸೆದವನು ನಾನು. ಓಡಿ, ಜೋರಾಗಿ ಮುಂದಕ್ಕೆ ನೂಕಿದೆ. ಅದು ಒಂದು ಸಲ ತಗ್ಗಿ, ಮೋಟರು ಗುಂಯ್ ಅಂದು, ಎದ್ದಿತು. ಹಾರಿಬಿಟ್ಟಿತು! ನಾನು ಓಡಿ ಬಂದು ಅತ್ತೆ ಅಳಿಯರ ನಡುವಿನ ನನ್ನ ಜಾಗದಲ್ಲಿ ನಿಂತೆ. ಇಬ್ಬರ ಮುಖದಲ್ಲೂ ನಗು. ನನ್ನ ಮುಖದಲ್ಲೂ ಇದ್ದಿರಬೇಕು. ವಿಮಾನ ಲೇಔಟ್ ದಾಟಿ, ತಂತಿ ದಾಟಿ, ಸಂಡೂರಿನ ಗುಡ್ಡಗಳ ಕಡೆ ಹೋಗಿ ಹೋಗಿ ಚುಕ್ಕೆಯಾಯಿತು. ಅಲ್ಲೆಲ್ಲೋ ಹೊರಳಿತು.

"ಅಳಿಯಂದ್ರಿಗೆ ಹೇಳ್ರಿ," ಅಂದಳು ಯಲ್ಲಕ್ಕ, "ಅದು ಹೋಗಾಕತ್ತಿಲ್ಲ, ಬರಾಕತ್ತೈತಿ."

(ಒಂದು ನಿಮಿಷ. ಆ ಚುಕ್ಕೆಗೆ ಒಂದು ಉಪಮೆ ಹುಡುಕುತ್ತಿದ್ದೆ. ಎಳ್ಳು ಅನ್ನಲೇ, ಸಾಸಿವೆ ಅನ್ನಲೇ?)

"ಬರ್ಯೋರ, ಜಲ್ದಿ ಹೇಳ್ರಿ."

ಬಸವಕುಮಾರ್ ಕಣ್ಣು ಕಿರಿದು ಮಾಡಿ ರಿಮೋಟಿನ ಕಡ್ಡಿಯನ್ನು ಬಲಕ್ಕೆ ಒತ್ತುತ್ತಿದ್ದ. ವಿಮಾನ ತಂತಿಯ ಕಡೆಗೇ ವಾಲುತ್ತಿತ್ತು. ಅವನು ಇನ್ನಷ್ಟು ಒತ್ತಿದ. ಅದು ಇನ್ನಷ್ಟು ವಾಲಿತು. ನಾನು ಸಾಸಿವೆ ಅಂತ ತೀರ್ಮಾನಿಸಿ ಬಾಯಿ ತೆರೆದೆ.

ಯಲ್ಲಕ್ಕ ನನ್ನನ್ನು ಮೊಣಕೈಯಿಂದ ಪಕ್ಕಕ್ಕೆ ತಳ್ಳಿದಳು.

"ಲೇ ಬಸ್ಯಾ, ನಮ್ಮ ಕಡೀಗೆ ಬರಾಕತ್ತೈತೋ! ಉಲ್ಟಾ ತಿರುವೋ!"

ಅವನು ಉಲ್ಟಾ ತಿರುವಿದ. ವಿಮಾನ ತಂತಿಯ ಪಕ್ಕದಲ್ಲೇ ಹಾದು, ನಮ್ಮ ತಲೆಯ ಮೇಲೆ ಬಂದು, ಕೆಳಗಿಳಿಯುತ್ತ ಹೋಗಿ ಮೆಕ್ಕೆಜೋಳದಲ್ಲಿ ಮರೆಯಾಯಿತು. ಮೋಟರು ನಿಂತಿತು.

ಯಲ್ಲಕ್ಕ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಿಂತುಬಿಟ್ಟಳು. ದೇವರನ್ನು ಲೇ ಅಂದಿದ್ದಳು. ಬಸವಕುಮಾರ್ ರಿಮೋಟ್ ಹಿಡಿದು ಅವಳನ್ನೇ ನೋಡುತ್ತಿದ್ದ. ಅವ್ವ ಹೋದ ಮೇಲೆ ಅವನನ್ನು ಬಸ್ಯಾ ಅಂದವರು ಯಾರೂ ಇರಲಿಲ್ಲ.

"ಅತ್ತಿ," ಅಂದ, ನನ್ನ ಕಡೆ ತಿರುಗದೆ. "ಯಾವ ಕಡಿ ಬಿತ್ತು, ಕಂಡ್ತೇನ್ರಿ?"

ಅವಳು ಅಭ್ಯಾಸಬಲದಿಂದ ನನ್ನ ಮುಖ ನೋಡಿದಳು. "ಅಳಿಯಂದ್ರಿಗೆ ಹೇಳ್ರಿ..."

ನಾನು ಹೇಳಲಿಲ್ಲ. ಇಡೀ ಕಥೆಯಲ್ಲಿ ನಾನು ಮಾಡಿದ ಒಂದೇ ಒಳ್ಳೆಯ ಕೆಲಸ ಅದು. ಚಪ್ಪಲಿಯಲ್ಲಿ ಕಲ್ಲು ಸಿಕ್ಕವನಂತೆ ಬಗ್ಗಿದೆ. ಅವಳು ಕಾದಳು. ನಾನು ಇನ್ನೊಂದು ಚಪ್ಪಲಿಯನ್ನೂ ಬಿಚ್ಚಿದೆ.

"ಆ ಜಾಲಿ ಗಿಡದ ಮಗ್ಗಲಕ ಬಿತ್ತು," ಅಂದಳು ಕೊನೆಗೆ, ಅವನಿಗೆ. "ಬಾ, ತೋರಸ್ತೀನಿ."

೭

ಇಲ್ಲಿ ಮುಕ್ತಾಯ ಬರಬೇಕು. ವಿಮಾನ ಮುರಿದಿತ್ತೇ, ಉಳಿದಿತ್ತೇ? ಗೊತ್ತಿಲ್ಲ. ಮೆಕ್ಕೆಜೋಳದಲ್ಲಿ ಅವರಿಬ್ಬರ ತಲೆಗಳಷ್ಟೇ ಕಾಣುತ್ತಿದ್ದವು. ಒಂದು ತಲೆ ಏನೋ ಕೇಳುತ್ತಿತ್ತು, ಇನ್ನೊಂದು ಏನೋ ಹೇಳುತ್ತಿತ್ತು, ಒಮ್ಮೆ ಎರಡೂ ನಕ್ಕವು. ಸಂಭಾಷಣೆ ಕಟ್ಟಿ ಬರೆಯಬಹುದಿತ್ತು, ಅದೇ ನನ್ನ ಕಸುಬು. ಎರಡು ಸಾಲು ಬರೆದು ಹೊಡೆದು ಹಾಕಿದೆ. ನನಗೆ ಕೇಳಿಸದ ಮಾತು ಅದು, ಹಾಗೇ ಇರಲಿ.

ಹೊರಬಂದವರೇ ಸೀದಾ ಸ್ಕೂಟರ್ ಹತ್ತಿದರು. ಯಲ್ಲಕ್ಕ ವಿಮಾನವನ್ನು ಸೆರಗಿನಿಂದ ಮುಚ್ಚಿ ತೊಡೆಯ ಮೇಲಿಟ್ಟುಕೊಂಡು, ಅವನ ಹೆಗಲು ಹಿಡಿದು, ಅವನ ಕಿವಿಯ ಹತ್ತಿರ ಬಾಗಿ ಇನ್ನೂ ಏನೋ ಹೇಳುತ್ತಲೇ ಇದ್ದಳು. ಲೇಔಟಿನ ಕಮಾನು ದಾಟಿ ಹೊಸಪೇಟೆ ಕಡೆ ತಿರುಗಿದರು. ಒಬ್ಬರಿಗೂ ನನ್ನ ನೆನಪಾಗಲಿಲ್ಲ.

ಮುಂದೇನಾಯಿತು ಅಂತ ನನ್ನನ್ನು ಕೇಳಬೇಡಿ. ನಾನು ಸಂಡೂರು ರಸ್ತೆಯಲ್ಲಿ ನಿಂತು ಬಸ್ಸಿಗೆ ಕೈ ಮಾಡುತ್ತಿದ್ದೇನೆ.