ಭಾನುವಾರದ ಅಮಾವಾಸ್ಯೆ

ಆ ಭಾನುವಾರ ಹೊಸಬರು ಬರುವ ಮೊದಲೇ ಮಧುಶ್ರೀ ಸೋತು ಕುಳಿತಿದ್ದಳು. ತುಮಕೂರಿನ ಓದುಬಳಗದ ಕೋಣೆಯಲ್ಲಿ ಚಾಪೆ ಹಾಸಿ, ಚುರುಮುರಿಗೆ ಈರುಳ್ಳಿ ಹೆಚ್ಚುತ್ತಿದ್ದ ಗೆಳೆಯ ಸಂಗಮೇಶ್ ಅವಳ ಮುಖ ನೋಡಿ, "ಏನಮ್ಮಾ, ಸ್ವಾಗತಕ್ಕೆ ಬಂದಿದೀಯೋ, ತಿಥಿಗೋ?" ಅಂದ.

"ನಾಳೆ ಕಂಪನಿಯೋರಿಗೆ ಹೂಂ ಅಂದ್ಬಿಡ್ತೀನಿ ಕಣೋ. ಇನ್ನು ನನ್ ಕೈಲಾಗಲ್ಲ."

'ಬಂತಾ' ಎಂಬುದು ಅವರ ಬಳಗ ಕಟ್ಟಿದ ಆಪ್. ಗುಬ್ಬಿ, ಕುಣಿಗಲ್, ತುಮಕೂರಿನ ನಡುವೆ ಓಡುವ ಬಸ್ಸು ಯಾವ ಸ್ಟಾಪು ಬಿಟ್ಟಿತೆಂದು ಹತ್ತಿದವರು ಅದರಲ್ಲಿ ಒತ್ತಿ ತಿಳಿಸುತ್ತಾರೆ, ಕಾಯುವವರು ನೋಡಿಕೊಳ್ಳುತ್ತಾರೆ. ಅಂತರಸನಹಳ್ಳಿಯ ಕಾರ್ಖಾನೆಗಳಿಗೆ ಮೊದಲ ಶಿಫ್ಟಿಗೆ ಬರುವ ಹೆಣ್ಣುಮಕ್ಕಳು ರಸ್ತೆ ಬದಿಯಲ್ಲಿ ಸುಮ್ಮನೆ ನಿಂತು ಕಂಡವರ ಕಣ್ಣಿಗೆ ಬೀಳಬಾರದೆಂದು ಹುಟ್ಟಿದ್ದು. ಮಧುಶ್ರೀಯೂ ಅಲ್ಲೇ ದುಡಿಯುವವಳು. ಆಪ್‌ನ ಕೋಡು ಯಾರು ಬೇಕಾದರೂ ಓದಿ ತಿದ್ದುವಂತೆ ತೆರೆದೇ ಇದೆ. ಊರ ಬಾವಿಯಂತೆ ಎನ್ನೋಣವೆಂದರೆ, ಊರ ಬಾವಿಗೆ ಯಾರ್ಯಾರನ್ನು ಬಿಡುತ್ತಿರಲಿಲ್ಲ ಎಂಬುದು ನಮಗೆ ಗೊತ್ತೇ ಇದೆ. ಇದು ನಿಜಕ್ಕೂ ಎಲ್ಲರದು.

ಎಲ್ಲರದಾದದ್ದನ್ನು ಕಾಯಲು ಮಾತ್ರ ಒಬ್ಬಳೇ ಉಳಿದಿದ್ದಳು. ಜೊತೆಗಿದ್ದವರು ಮದುವೆ, ಮಗು, ವರ್ಗಾವಣೆ ಎಂದು ಕರಗಿದ್ದರು. ಸಂಗಮೇಶನಿಗೆ ಕೋಡು ಬರದು, ಚುರುಮುರಿ ಬರುತ್ತದೆ. ಆಪ್ ಕೆಟ್ಟರೆ ಮಧುಶ್ರೀ ಮದುವೆಮನೆಯ ಎಲೆ ಮುಂದಿನಿಂದಲೂ ಎದ್ದು ಓಡಬೇಕು. ಆಗ ಬಂತು ಬೆಂಗಳೂರಿನ ಒಂದು ಕಂಪನಿ. "ಹೆಸರೂ ಸರ್ವರೂ ನಮಗೆ ಕೊಡಿ ಮೇಡಂ, ತಲೆನೋವು ನಮಗಿರಲಿ." ಜನ ಕಟ್ಟಿದ್ದನ್ನು ಎತ್ತಿಕೊಂಡು ಜನರಿಗೇ ಮಾರುವವರ ಮಾತು ಯಾವತ್ತೂ ಹೀಗೆ ಬೆಣ್ಣೆಯಲ್ಲೇ ಅದ್ದಿರುತ್ತದೆ. ಅವಳಿಗೆ ಅದು ತಿಳಿಯದ್ದೇನಲ್ಲ. ದಣಿದವರಿಗೆ ಕಲ್ಲೂ ದಿಂಬೇ.

ಬಂದವರು ಇಬ್ಬರು. ಕುಣಿಗಲ್ಲಿನ ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತ ಕೋಡಿಂಗ್ ಕಲಿತ ಭೂಮಿಕಾ. ಗುಬ್ಬಿ ತಾಲ್ಲೂಕು ಕಡಬದ ಮೋಹನ್‌ಕುಮಾರ್, ಡಿಪ್ಲೊಮಾ ಮುಗಿಸಿ ವರ್ಕ್‌ಶಾಪು ಸೇರಿದವನು.

ಬಳಗದಲ್ಲೊಂದು ಪದ್ಧತಿಯಿತ್ತು. ಹೊಸಬರು ಬಂದ ದಿನವೇ ತಾವು ಬರೆದ ಒಂದು ಬದಲಾವಣೆಯನ್ನು ಎಲ್ಲರೆದುರು ತಾವೇ ಆಪ್‌ಗೆ ಬಿಡಬೇಕು. ಹಳಬರು ಕೀಬೋರ್ಡ್ ಮುಟ್ಟುವ ಹಾಗಿಲ್ಲ. "ಜಗುಲೀಲಿ ಕೂರ್ಸಿ ನೀರು ಕೊಡೋದು ಸ್ವಾಗತ ಅಲ್ಲ, ಅಡುಗೆಮನೆ ಒಳಕ್ಕೆ ಬಿಡೋದು ಸ್ವಾಗತ" ಎಂದು ಹಿಂದೆ ಗುಡುಗಿದ್ದವಳು ಮಧುಶ್ರೀಯೇ.

ಅಮಾವಾಸ್ಯೆಯಂದು ಕುಣಿಗಲ್ ಕಡೆಯ ಕೆಲವು ಖಾಸಗಿ ಬಸ್ಸುಗಳು ಮಾಮೂಲಿ ದಾರಿ ಬಿಟ್ಟು ಭಕ್ತರನ್ನು ದೇವಸ್ಥಾನಕ್ಕೆ ಒಯ್ಯುತ್ತವೆ. ಆಪ್‌ಗೆ ಅದು ತಿಳಿಯದೆ ಜನ ಕಾದು ಕಾದು ಬೈಯುತ್ತಿದ್ದರು. ಭೂಮಿಕಾ ಅದನ್ನು ಸೇರಿಸಿ, ಉಸಿರು ಬಿಗಿಹಿಡಿದು ಗುಂಡಿ ಒತ್ತಿದಳು. ಚಪ್ಪಾಳೆ ಬಿತ್ತು. ಚಪ್ಪಾಳೆ ನಿಲ್ಲುವಷ್ಟರಲ್ಲಿ ಮಧುಶ್ರೀಯ ಫೋನು ಹೊಡೆದುಕೊಂಡಿತು. ಕುಣಿಗಲ್ ಬಸ್‌ಸ್ಟಾಂಡಿನಿಂದ ಸರ್ವಮಂಗಳಮ್ಮ. ಆಪ್ ಬಳಸುವುದರಲ್ಲೂ ಬೈಯುವುದರಲ್ಲೂ ಹಳಬರು.

"ಏನವ್ವಾ ಮಧು, ಇವತ್ತು ಅಮಾಸೆನಾ? ನಮ್ಮನೆ ಕ್ಯಾಲೆಂಡರ್ನಾಗೆ ಇಲ್ವಲ್ಲ! ತುಮ್ಕೂರ್ ಬಸ್ಸೆಲ್ಲಾ ಮಾಯ ಆಗವೆ, ದೇವಸ್ಥಾನದ್ ಬಸ್ಸೇ ತೋರಿಸ್ತದೆ. ನಾನು ಹೋಗ್ಬೇಕಾಗಿರೋದು ಮಗಳ ಮನೆಗೆ ಕಣವ್ವಾ, ದೇವ್ರ ಪಾದಕ್ಕಲ್ಲ!"

ಭೂಮಿಕಾ ಎಲ್ಲ ದಿನವನ್ನೂ ಅಮಾವಾಸ್ಯೆ ಮಾಡಿಬಿಟ್ಟಿದ್ದಳು.

ಮಧುಶ್ರೀಯ ಕೈ ತಾನಾಗಿ ಲ್ಯಾಪ್‌ಟಾಪಿಗೆ ಹಾರಿತು. ಸಂಗಮೇಶ್ ಚುರುಮುರಿ ತಟ್ಟೆಯನ್ನು ನಡುವೆ ಹಿಡಿದ. "ಮುಟ್ಟಂಗಿಲ್ಲ. ರೂಲ್ಸು ನಿಂದೇ."

"ರೂಲ್ಸಿಗೆ ಬೆಂಕಿ ಹಾಕ! ಜನ ಕಾಯ್ತಾವ್ರೆ ಅಲ್ಲಿ."

"ನೀನ್ ಮುಟ್ಟಿದ್ರೆ ಇವತ್ತೂ ನೀನೇ, ನಾಳೆನೂ ನೀನೇ. ಆಮೇಲೆ ಕಂಪನಿ."

ಭೂಮಿಕಾಳ ಕಣ್ಣು ತುಂಬಿತ್ತು. "ಅಕ್ಕಾ, ಕೆಡಿಸ್ಬಿಟ್ಟೆ..."

ಮಧುಶ್ರೀ ತನ್ನೆರಡು ಕೈಗಳನ್ನೂ ತೊಡೆಯಡಿಗೆ ಹಾಕಿ ಅವುಗಳ ಮೇಲೆ ಕುಳಿತಳು. ಇಷ್ಟು ಕಷ್ಟದ ಕೆಲಸವನ್ನು ಅವಳು ಯಾವ ಶಿಫ್ಟಿನಲ್ಲೂ ಮಾಡಿರಲಿಲ್ಲ. "ಕೆಡಿಸ್ದೋಳು ನೀನೇ ತಾನೆ? ಎಲ್ಲಿ ಅಂತ ನಿಂಗೇ ಚೆನ್ನಾಗ್ ಗೊತ್ತಿರುತ್ತೆ. ನೋಡು."

"ಅಳೋದು ಆಮೇಲೆ" ಅಂದ ಮೋಹನ್‌ಕುಮಾರ್, ಅವಳ ಪಕ್ಕಕ್ಕೆ ಸರಿದು. "ದಾರೀಲಿ ಬಸ್ ಕೆಟ್ರೆ ಮೊದ್ಲು ಪ್ಯಾಸೆಂಜರ್ನ ಬೇರೆ ಬಸ್ಸಿಗೆ ಹತ್ತುಸ್ತಾರೆ, ರಿಪೇರಿ ಆಮೇಲೆ. ಹಳೇ ಕೋಡ್ ವಾಪಸ್ ಹಾಕು."

ಭೂಮಿಕಾ ಮೂಗೊರೆಸಿಕೊಂಡು ಹಾಕಿದಳು. ಮಾಯವಾಗಿದ್ದ ಬಸ್ಸುಗಳು ಪರದೆಯ ಮೇಲೆ ಒಂದೊಂದಾಗಿ ಮರಳಿದವು. ಆಮೇಲೆ ಇಬ್ಬರೂ ತಲೆಗೆ ತಲೆ ತಾಗಿಸಿ ಹುಡುಕಿದರು. ಆಪ್ ತಾರೀಖನ್ನು ಕೇಳುವ ಸಾಲೇ ಬಿಟ್ಟುಹೋಗಿತ್ತು. ಅವಳು ಬರೆದಳು, ಅವನು ಓದಿದ, ಮತ್ತೆ ಬಿಟ್ಟರು. ಈ ಸಲ ಪರದೆಯಿಂದ ಒಂದು ಬಸ್ಸೂ ಮಾಯವಾಗಲಿಲ್ಲ.

ಫೋನು ಮತ್ತೆ ಬಂತು. "ಸರಿ ಹೋಯ್ತು ಬುಡವ್ವ, ಬಸ್ಸಲ್ಲೇ ಇದೀನಿ. ಎಷ್ಟ್ ಬೇಗ ಮಾಡ್ದೆ!"

"ನಾನಲ್ಲ ಸರ್ವಮಂಗಳಮ್ಮ. ನಮ್ಮ ಹುಡುಗ್ರು ಮಾಡಿದ್ದು."

'ನಾನಲ್ಲ' ಎಂದು ಬಾಯಿ ಬಿಟ್ಟು ಹೇಳಿದ ಮೇಲೆಯೇ ತನ್ನ ಹೆಗಲು ಎಷ್ಟು ಬಿಗಿದಿತ್ತೆಂಬುದು ಮಧುಶ್ರೀಗೆ ತಿಳಿದದ್ದು. ಅಳು ಬರುತ್ತದೇನೋ ಅಂದುಕೊಂಡಳು, ಬಂದದ್ದು ಹಸಿವು. ಮೆತ್ತಗಾಗಿದ್ದ ಚುರುಮುರಿಯನ್ನೇ ಬಾಚಿ ಬಾಚಿ ತಿಂದಳು. ಸರ್ವರ್ ಪಾಸ್‌ವರ್ಡನ್ನು ಇಬ್ಬರಿಗೂ ಕೊಟ್ಟು, ಫೋನನ್ನು ಸ್ವಿಚ್ ಆಫ್ ಮಾಡಿ ಚೀಲಕ್ಕೆ ತುರುಕಿದಳು.

"ಕಂಪನಿಯೋರಿಗೆ ಏನಂತೀಯ?" ಅಂದ ಸಂಗಮೇಶ್.

"ಅಮಾಸೇಲಿ ವ್ಯವಹಾರ ಮಾತಾಡಲ್ಲ ಅಂತೀನಿ."

"ಅಮಾಸೆ ಯಾವಾಗ ಮುಗಿಯುತ್ತೆ ಅಂದ್ರೆ?"

"ಅವ್ರಿಗಾ? ದಿನಾ ಅಮಾಸೆನೇ."