ನೀರು ಕಾಣದ ಸೀರೆ

ಮಕ್ತಲ್‌ನ ಹಳೇ ಬಜಾರಿನ ಹಿಂದಿನ ಓಣಿಯಲ್ಲಿರುವ ಭುವನೇಶ್ವರಿಯ ಮನೆಯಲ್ಲಿ ಯಾವ ವಸ್ತುವಿಗೂ ಒಂದೇ ಕೆಲಸವಿಲ್ಲ. ಹಲ್ಲಿಗೆ ಹಚ್ಚುವ ಪೇಸ್ಟು ಬೆಳ್ಳಿಯ ಕುಂಕುಮ ಭರಣಿಯನ್ನು ಬೆಳಗುತ್ತದೆ. ಸವೆದ ಬ್ರಷ್ಷು ನಲ್ಲಿಯ ಬುಡ ಉಜ್ಜುತ್ತದೆ. ಸೀಮೆಸುಣ್ಣ ಇರುವೆಗಳ ದಾರಿಗೆ ಅಡ್ಡ ಗೀಟೆಳೆಯುತ್ತದೆ. ಜೋಳದ ಡಬ್ಬಿಯಲ್ಲಿ ಬೇವಿನೆಲೆ ಕಾವಲು ಕೂತಿರುತ್ತದೆ. ದಿನಾ ಬೆಳಿಗ್ಗೆ ಹತ್ತಕ್ಕೆ ಆಕೆ ರೇಡಿಯೋದವರ ದನಿ ಮಾಡಿಕೊಂಡು ಫೋನಿನ ಗ್ರೂಪಿಗೆ ಹೇಳುತ್ತಾಳೆ: "ನಮಸ್ಕಾರ ಅಕ್ಕಂದಿರೇ, ಇವತ್ತಿನ ಉಪಾಯ..." ನಾರ್ವದಿಂದ ಕೆ.ಟಿ. ದೊಡ್ಡಿಯವರೆಗಿನ ಅಕ್ಕಂದಿರು ಕೇಳಿ, ಹೆಬ್ಬೆರಳು ಎತ್ತುತ್ತಾರೆ.

ಗಂಡ ಸಿದ್ದರಾಮೇಶನದು ಬೀಜ-ಗೊಬ್ಬರದ ಅಂಗಡಿ. ಹೆಂಡತಿಯ ದನಿಯನ್ನು ಗಿರಾಕಿಗಳ ಮುಂದೆ ಹಾಗೇ ಇಳಿಸುತ್ತಾನೆ: "ನಮಸ್ಕಾರ ಅಣ್ಣಂದಿರೇ, ಇವತ್ತಿನ ಉಪಾಯ ಏನಂದ್ರ, ಸುಮ್ಮಕಿರೋದು." ಅತ್ತೆ ಚನ್ನವೀರಮ್ಮ ನಕಲು ಮಾಡುವವಳಲ್ಲ. "ನಮ್ಮ ಸೊಸಿ ಯಾವ ಸಾಮಾನನ್ನೂ ತನ್ನ ಪಾಡಿಗೆ ಇರಾಕ ಬಿಡಂಗಿಲ್ಲ" ಎಂದಷ್ಟೇ ಹೇಳುತ್ತಾಳೆ.

ಒಂದು ವಿಷಯದಲ್ಲಿ ಮಾತ್ರ ಅಷ್ಟನ್ನೂ ನೇರವಾಗಿ ಹೇಳಿರಲಿಲ್ಲ. ಮೂರು ವರ್ಷದ ಹಿಂದೆ ಚನ್ನವೀರಮ್ಮನ ಮಗಳು, ಗದ್ವಾಲಿಗೆ ಕೊಟ್ಟ ಬಸವೇಶ್ವರಿ, ಮೊದಲ ಸಲ ಬಸುರಾದಾಗ, ಐದನೇ ತಿಂಗಳಿಗೆ ತವರಿನವರು ಕಳ್ಳಕುಬಸಕ್ಕೆಂದು, ಮನೆಮಟ್ಟಿನ ಸೀಮಂತಕ್ಕೆಂದು, ಹಸಿರು ಸೀರೆ ಒಯ್ದಿದ್ದರು. ಹೊಸ ಸೀರೆ ಗಂಜಿ ಕುಡಿದು ರಟ್ಟಿನಂತೆ ನಿಂತಿತ್ತು. ಬಸುರಿಗೆ ಚುಚ್ಚಬಾರದೆಂದು ಅದನ್ನು ಅರ್ಧ ದಿನ ಉಪ್ಪುನೀರಿನಲ್ಲಿ ನೆನೆಸಿ ಮೆತ್ತಗೆ ಮಾಡಿದವಳು ಭುವನೇಶ್ವರಿ. ಮುಂದಿನ ತಿಂಗಳು ಬಸುರು ನಿಲ್ಲಲಿಲ್ಲ. ಡಾಕ್ಟರು ಒಂದು ಕಾರಣ ಹೇಳಿದರು, ಚನ್ನವೀರಮ್ಮ ಇನ್ನೊಂದು ಕಂಡುಕೊಂಡಳು. "ಕುಬಸದ ಸೀರಿ ಉಡೂತನಕ ನೀರು ಕಾಣಬಾರದಿತ್ತು" ಎಂದು ಒಮ್ಮೆ ಗೋಡೆಗೆ ಹೇಳಿದಳು. ಗೋಡೆಯ ಪಕ್ಕದಲ್ಲಿ ಭುವನೇಶ್ವರಿ ರೊಟ್ಟಿ ಬಡಿಯುತ್ತಿದ್ದಳು. ಆಮೇಲೆ ಆ ಮಾತನ್ನು ಇಬ್ಬರೂ ಎತ್ತಲಿಲ್ಲ.

ಈಗ ಬಸವೇಶ್ವರಿಗೆ ಮತ್ತೆ ಏಳು ತಿಂಗಳು. ಶುಕ್ರವಾರ ಗದ್ವಾಲಿನಲ್ಲಿ ಕುಬಸ. ನಾರಾಯಣಪೇಟೆಯ ಅನಂತಮ್ಮನ ಮಗ್ಗದಿಂದ ಚನ್ನವೀರಮ್ಮ ತಾನೇ ಹೋಗಿ ಸೀರೆ ತಂದಳು. ಹಸಿರು ಮೈಯಲ್ಲಿ ಸಣ್ಣ ಚೌಕಡಿ, ಕೆಂಪು ಅಂಚು. ಅದನ್ನು ಧೋತರದಲ್ಲಿ ಸುತ್ತಿ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯ ಕಡೆ ಮುಖ ಮಾಡಿಯೇ ಸೊಸೆಗೆ ಹೇಳಿದಳು: "ಒಂದು ಹನಿ ನೀರು ಬೀಳಬಾರದು."

ಬಿದ್ದದ್ದು ನೀರಲ್ಲ. ಮಂಗಳವಾರ ಮಧ್ಯಾಹ್ನ ಅತ್ತೆ ಮಠಕ್ಕೆ ಹೋದಾಗ ಭುವನೇಶ್ವರಿ ಸೀರೆ ನೋಡಲೆಂದು ಪೆಟ್ಟಿಗೆ ತೆರೆದಳು. ಮುಚ್ಚಳದ ಕೀಲು ಕಿರ್ರೆಂದಿತು. ಕಿರುಗುಟ್ಟುವ ಕೀಲಿಗೆ ಕೊಬ್ಬರಿ ಎಣ್ಣೆ ಎನ್ನುವುದು ಆಕೆಯ ಹಳೆಯ ಉಪಾಯ. ಎರಡು ಹನಿ ಬಿಟ್ಟಳು. ಒಂದು ಕೀಲಿಗೆ ಸೇರಿತು, ಇನ್ನೊಂದು ಬಿಚ್ಚಿದ್ದ ಸೀರೆಯ ಸೆರಗಿಗೆ.

ಆಕೆ ಗಾಬರಿಯಾಗಲಿಲ್ಲ. ದೇವರ ಜಗಲಿಯಿಂದ ವಿಭೂತಿ ಗಟ್ಟಿ ತಂದು, ಚಾಕುವಿನಿಂದ ಕೆರೆದು, ಪುಡಿಯನ್ನು ಎಣ್ಣೆಯ ಮೇಲೆ ಹರಡಿದಳು. ಅದರ ಮೇಲೆ ಹಳೇ ಬಟ್ಟೆ, ಬಟ್ಟೆಯ ಮೇಲೆ ಕಲ್ಲುಗುಂಡು. ಒಂದು ತಾಸಿನ ಮೇಲೆ ಕೊಡವಿದಾಗ ವಿಭೂತಿ ಎಣ್ಣೆಯನ್ನು ಕುಡಿದಿತ್ತು. ಉಳಿದದ್ದು ಒಂದು ನೆರಳು, ಹುಡುಕಿದವರಿಗೆ ಮಾತ್ರ ಕಾಣುವಂಥದ್ದು. ಆ ಮನೆಯಲ್ಲಿ ಹುಡುಕುವವರು ಒಬ್ಬರಿದ್ದರು.

ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಆಕೆಗೆ ನಿಂಬೆಹಣ್ಣು ನೆನಪಾಯಿತು. ನೀರು ಬೀಳಬಾರದು ಎಂದಿದ್ದಳು ಅತ್ತೆ. ನಿಂಬೆರಸದ ಸುದ್ದಿ ಎತ್ತಿರಲಿಲ್ಲ. ಯಾವ ವಕೀಲನೂ ತಪ್ಪು ಹಿಡಿಯಲಾಗದ ವಾದ. ಅರ್ಧ ಹೋಳು ಹಿಂಡಿ, ಬೆರಳಿನಿಂದ ತಿಕ್ಕಿದಳು. ನೆರಳು ಹೋಯಿತು. ಅದರ ಜೊತೆಗೆ ಹಸಿರೂ ಹೋಯಿತು. ಅಂಗೈಯಗಲ ಜಾಗ ಹಣ್ಣಾದ ವೀಳ್ಯದೆಲೆಯ ಬಣ್ಣಕ್ಕೆ ತಿರುಗಿತು.

"ಭುವನೀ, ಸೀರಿ ತಗದು ಏನ್ ಮಾಡಾಕತ್ತೀ?"

ಬಾಗಿಲಲ್ಲಿ ಚನ್ನವೀರಮ್ಮನ ದನಿ. ಕೈಯಿಂದ ನಿಂಬೆ ಜಾರಿ ಮಂಚದ ಕೆಳಗೆ ಉರುಳಿತು. ತಿರುಗಿ ನೋಡಿದರೆ ಸಿದ್ದರಾಮೇಶ, ಸೊಂಟದ ಮೇಲೆ ಕೈಯಿಟ್ಟು ಅವ್ವನಂತೆ ನಿಂತಿದ್ದಾನೆ.

"ನನ್ನ ಜೀವಾ ಹೋಗಿತ್ತಲ್ರೀ! ನಿಮಗ ಆಟ."

"ಜೀವಾ ಹೋಗೂವಂಥಾದ್ದು ಏನೈತಿ..." ಎನ್ನುತ್ತ ಬಗ್ಗಿದವನಿಗೆ ಅವ್ವನ ದನಿ ಬಿಟ್ಟುಹೋಯಿತು. "ಅಯ್ಯ ಶಿವನ! ಇದೇನಿದು?"

"ನಿಂಬಿಹಣ್ಣು."

"ನಿನ್ನ ಉಪಾಯದಾಗ ಮೊದಲನೇ ಅಕ್ಷರ ಬದಲಿ ಮಾಡಬೇಕು ನೋಡು, ಅಪಾಯ. ಹೋಗ್ಲಿ, ನಿರಿಗಿಯೊಳಗ ಮುಚ್ಚತೈತಿ ಬಿಡು."

"ಸೆರಗ್ರೀ ಅದು. ಉಡಿ ತುಂಬೋದು ಇದರಾಗನ. ಐದು ಮಂದಿ ಮುತ್ತೈದೇರು ಇಲ್ಲೇ ಅಕ್ಕಿ ಹಾಕ್ತಾರ, ಎಲ್ಲಾರೂ ನೋಡ್ತಾರ."

"ಹಂಗಾರ ಇಂಥಾದ್ದೇ ಇನ್ನೊಂದು ತರೂಣು."

"ಅತ್ತಿಯವರಿಗೆ ಒಂದೊಂದು ಚೌಕಡಿ ಗುರ್ತೈತಿ." ಭುವನೇಶ್ವರಿ ಸೀರೆ ಮಡಚಿದಳು. "ಹೋದ ಸಲದ್ದೇ ಇನ್ನೂ ನನ್ನ ತಲಿಮ್ಯಾಲಿಂದ ಇಳಿದಿಲ್ರಿ. ನಾಳಿಗೆ ಬಸವೇಶ್ವರಿಗೆ ಹೆಚ್ಚು ಕಮ್ಮಿ ಆದ್ರ, ನಾ ಈ ಮನ್ಯಾಗ ಹೆಂಗ ಇರ್ಲಿ?"

ಸಿದ್ದರಾಮೇಶ ಮಂಚದ ಕೆಳಗೆ ಕೈ ಹಾಕಿ, ಉರುಳಿದ್ದ ನಿಂಬೆಹೋಳನ್ನು ಹೆಕ್ಕಿ ಕೊಟ್ಟ.

ಬುಧವಾರ ಬೆಳಿಗ್ಗೆ ಆಕೆ ಅತ್ತೆಗೆ ಹೇಳಿದಳು: "ಸೆರಗಿಗೆ ಕುಚ್ಚು ಕಟ್ಟಿಸ್ಕೊಂಡು ಬರ್ತೀನ್ರಿ, ಅನಂತಮ್ಮನ ಕಡೆ." ಅನಂತಮ್ಮನನ್ನು ಒಬ್ಬಳೇ ಕೇಳಿ ಏನಾದರೂ ದಾರಿ ಮಾಡುವುದು ಲೆಕ್ಕಾಚಾರ. ಚನ್ನವೀರಮ್ಮ ಚಪ್ಪಲಿ ಮೆಟ್ಟಿದಳು. "ನಡಿ, ನಾನೂ ಬರ್ತೀನಿ." ಬಸ್ಸಿನಲ್ಲಿ ಸೀರೆ ಒಂದು ತಾಸು ಅತ್ತೆಯ ತೊಡೆಯ ಮೇಲೆ ಕೂತಿತ್ತು. ಭುವನೇಶ್ವರಿ ಕಿಟಕಿಯಾಚೆ ಹತ್ತಿಹೊಲ ನೋಡಿದಳು.

ಅನಂತಮ್ಮನ ಬೀದಿಯಲ್ಲಿ ನೂಲನ್ನು ಉದ್ದಕ್ಕೆ ಹಾಸಿ ಬಿಗಿದಿದ್ದರು. ಇಬ್ಬರು ಅದಕ್ಕೆ ಗಂಜಿ ಬಳಿಯುತ್ತ ಓಡಾಡುತ್ತಿದ್ದರು. "ಬಾಗುನ್ನಾರಾ ಅಮ್ಮಾ? ಕುಂದರ್ರಿ, ಕುಂದರ್ರಿ" ಎಂದು ತೆಲುಗು ಬೆರೆಸಿ ಕ್ಷೇಮ ಕೇಳುತ್ತ ಅನಂತಮ್ಮ ಚಾಪೆ ಹಾಸಿದಳು. ಕುಚ್ಚು ಎಂದಾಗ ಸೀರೆ ಇಸಿದುಕೊಂಡು ಸೆರಗು ಬಿಚ್ಚಿದಳು. ಹಳದಿ ಕಲೆ ಮೂವರ ನಡುವೆ ಬಿಚ್ಚಿಕೊಂಡಿತು.

ಅನಂತಮ್ಮ ಅದನ್ನು ಮೂಸಿದಳು. "ನಿಂಬಿಹಣ್ಣು ಹಿಂಡೀರೇನು?"

ಚನ್ನವೀರಮ್ಮ ಸೊಸೆಯ ಕಡೆ ತಿರುಗಿದಳು.

"ನಾನ ಅತ್ತೀ" ಎಂದಳು ಭುವನೇಶ್ವರಿ. "ಎಣ್ಣಿ ಬಿದ್ದಿತ್ತು. ವಿಭೂತಿ ಹಚ್ಚಿದೆ, ಹೋತು. ಪೂರಾ ಹೋಗ್ಲಿ ಅಂತ ನಿಂಬಿಹಣ್ಣು ಹಚ್ಚಿದೆ. ನೀರು ಮುಟ್ಟಿಸಿಲ್ರಿ."

"ಇದು ಎರಡನೇದು, ಭುವನಿ."

ಮೂರು ವರ್ಷದ ಹಿಂದೆ ಗೋಡೆಗೆ ಹೇಳಿದ್ದು ಸೊಸೆಯ ಮುಖಕ್ಕೆ ಬಂದು ತಲುಪಿತು.

ಇದೊಂದೂ ಗೊತ್ತಿಲ್ಲದ ಅನಂತಮ್ಮ ಬೆಳಕಿಗೆ ಹಿಡಿದು ನೋಡುತ್ತಿದ್ದಳು. "ಏಂ ಕಾದಮ್ಮಾ, ಏನೂ ಆಗಿಲ್ಲ. ಬಣ್ಣ ಒಳಗೈತಿ, ಮ್ಯಾಲೆ ಹುಳಿ ಕುಂತೈತಿ. ಚಿಟಿಕಿ ಸೋಡಾ ಹಾಕಿದ ನೀರಾಗ ಅದ್ದಿದ್ರ ತಿರುಗಿ ಬರ್ತೈತಿ. ಇವತ್ತೇ ಆಗಬೇಕು. ಇನ್ನೆರಡು ದಿನ ಬಿಟ್ರ ನನ್ನ ಕೈಲೂ ಆಗಂಗಿಲ್ಲ."

"ನೀರು ಬ್ಯಾಡ!" ಚನ್ನವೀರಮ್ಮ ಸೀರೆಯನ್ನು ಕಸಿದು ಎದೆಗೆ ಒತ್ತಿಕೊಂಡಳು. "ಕುಬಸದ ಸೀರಿ ಇದು. ಇನ್ನೂ ನೀರು ಕಂಡಿಲ್ಲ."

"ನೀರು ಕಂಡಿಲ್ಲಾ?" ಅನಂತಮ್ಮ ನಕ್ಕೇಬಿಟ್ಟಳು. "ಯಾರ್ ಹೇಳಿದ್ರಮ್ಮಾ ನಿಮಗ? ನೂಲು ಹಂಡೇದಾಗ ಕುದ್ದು ಬಣ್ಣ ಕುಡದೈತಿ. ಬಣ್ಣ ಬಿಡೋದು ನಿಲ್ಲೂತನಕ ತೊಳದೀವಿ. ಅಗೋ, ಬೀದ್ಯಾಗ ನೋಡ್ರಿ, ಹಂಗ ಗಂಜಿ ಬಳದೀವಿ. ಮಗ್ಗದಾಗ ಕುಂತಾಗೂ ನೀರು ಚಿಮುಕಿಸಿ ಚಿಮುಕಿಸಿ ನೇಯ್ದೀನಿ. ಒಣಾ ನೂಲು ಎಳದು ನೋಡ್ರಿ, ಪಟಪಟ ಹರೀತೈತಿ."

ಬೀದಿಯಲ್ಲಿ ಹಾಸಿದ ನೂಲಿನಿಂದ ಗಂಜಿನೀರು ತೊಟ್ಟಿಕ್ಕುತ್ತಿತ್ತು. ಚನ್ನವೀರಮ್ಮ ಅದನ್ನೇ ನೋಡುತ್ತ ಕೂತಳು. ನಲವತ್ತು ವರ್ಷದಿಂದ ಈ ಬೀದಿಗೆ ಸೀರೆಗೆಂದು ಬರುತ್ತಿದ್ದವಳು, ಸೀರೆ ಬಿಟ್ಟು ಬೇರೆ ಏನನ್ನೂ ನೋಡಿರಲಿಲ್ಲ.

"ಮೂರು ವರ್ಷದ ಹಿಂದ ಒಂದು ಹಸರು ಸೀರಿ ಒಯ್ದಿದ್ದೆ" ಎಂದಳು ಕೊನೆಗೆ.

"ಹೂಂ, ಅದೂ ಇದೇ ಮಗ್ಗದ್ದು."

"ಉಡೋಕಿಂತ ಮೊದಲ ಅದನ್ನ ಮತ್ತ ನೀರಿಗೆ ಹಾಕಿದ್ವಿ."

"ಹತ್ತು ಸಲ ತೊಳದದ್ದು ಹನ್ನೊಂದು ಆತು. ಅದಕ್ಕೇನ್ ಆತಮ್ಮಾ?"

"ಏನೂ ಇಲ್ಲ" ಎಂದಳು ಚನ್ನವೀರಮ್ಮ.

ಅನಂತಮ್ಮ ಬೋಗುಣಿಯಲ್ಲಿ ನೀರು ತುಂಬಿ, ಸೋಡಾ ಕದಡಿ ತಂದಿಟ್ಟು, ಸೀರೆಗೆ ಕೈ ಚಾಚಿದಳು. ಚನ್ನವೀರಮ್ಮ ಕೊಡಲಿಲ್ಲ. ಸೆರಗನ್ನು ತಾನೇ ನೀರಿಗೆ ಇಳಿಸಿದಳು. ಗಾಳಿ ತುಂಬಿ ಉಬ್ಬಿ ಬಂದದ್ದನ್ನು ಎರಡೂ ಕೈಯಿಂದ ಒತ್ತಿ ಮುಳುಗಿಸಿ, ಹಾಗೇ ಹಿಡಿದಳು. ಬಳೆಗಳವರೆಗೆ ನೀರು ಬಂತು. ಎತ್ತಿದಾಗ ಹಳದಿ ಅಂಚಿನಿಂದ ಕರಗಿತ್ತು. ಮೂರನೇ ಸಲಕ್ಕೆ ಹಸಿರು ಬಂತು, ಒಂದು ಎಳೆ ತಿಳಿಯಾಗಿರಬಹುದು. ಕೆಂಪು ಅಂಚು ಬಣ್ಣ ಬಿಡಲಿಲ್ಲ. ಅದನ್ನು ಅನಂತಮ್ಮ ಎರಡೆರಡು ಸಲ ಹೇಳಿದಳು. ಒಂದು ಕಡೆ ಮೆತ್ತಗೆ, ಇನ್ನೊಂದು ಕಡೆ ಬಿರುಸು ಆಗಬಾರದೆಂದು ಇಡೀ ಸೀರೆಯನ್ನೇ ಒಳ್ಳೆಯ ನೀರಿನಲ್ಲಿ ಜಾಲಿಸಿ, ನೆರಳಲ್ಲಿ ಒಣಗಿಸಿದರು.

ತಿರುಗಿ ಬರುವ ಬಸ್ಸಿನಲ್ಲಿ ಉಟ್ಕೂರು ದಾಟಿದ ಮೇಲೆ ಚನ್ನವೀರಮ್ಮ ಕೇಳಿದಳು: "ಎಣ್ಣಿ ಯಾಕ ಬಿತ್ತು?"

"ಪೆಟಗಿ ಕಿರುಗುಟ್ಟತಿತ್ತು, ಕೀಲಿಗೆ ಬಿಟ್ಟಿದ್ದೆ."

"ಕಿರುಗುಟ್ಟಲಿ ಬಿಡವ್ವಾ. ಹಳೇ ಪೆಟಗಿ ಐತಿ ಅದು."

ಶುಕ್ರವಾರ ಗದ್ವಾಲಿನ ಪಡಸಾಲೆ ತುಂಬ ಹೆಂಗಸರು. ಬಸವೇಶ್ವರಿ ಹಸಿರುಟ್ಟು ಮಣೆಯ ಮೇಲೆ ನಿಂತಳು. ಆಕೆಯ ಅತ್ತೆ ಸೆರಗನ್ನು ಎರಡು ಬೆರಳಿನಲ್ಲಿ ಹಿಡಿದು ತೀಡಿ ನೋಡಿದಳು.

"ಏನ್ರೀ ಬೀಗತೀ, ನಾರಾಯಣಪ್ಯಾಟಿ ಹೊಸಾ ಸೀರಿ ಇಷ್ಟು ಮೆತ್ತಗ? ನೀರಿಗೆ ಹಾಕೀರೇನು?"

ಅಕ್ಕಿಯ ಮೊರ ಹಿಡಿದಿದ್ದ ಭುವನೇಶ್ವರಿ ನೆಲ ನೋಡಿದಳು. ಬಾಗಿಲಾಚೆ ಗಂಡಸರೊಡನೆ ನಿಂತಿದ್ದ ಸಿದ್ದರಾಮೇಶ ಯಾರದೋ ನಕಲನ್ನು ಅರ್ಧಕ್ಕೆ ನಿಲ್ಲಿಸಿದ.

"ಹೂಂನ್ರೀ, ನಾನ ಹಾಕೀನಿ" ಎಂದಳು ಚನ್ನವೀರಮ್ಮ. "ಮಗ್ಗದಾಗಿಂದು, ಗಂಜಿ ಕುಡದು ರಟ್ಟಾಗಿರತೈತಿ. ಕೂಸಿಗೆ ಚುಚ್ಚತೈತಿ." ಆಮೇಲೆ ಸೊಸೆಯ ಕೈಯಿಂದ ಮೊರ ಇಸಿದುಕೊಂಡು ತಾನು ಹಿಡಿದಳು. "ಭುವನಿ, ಬಾ. ಮೊದಲ ನೀ ತುಂಬು."

ಭುವನೇಶ್ವರಿ ಬೊಗಸೆ ತುಂಬ ಅಕ್ಕಿ ಹಾಕಿದಳು. ಒಣಕೊಬ್ಬರಿ, ಅರಿಶಿನ ಕೊಂಬು, ಉತ್ತತ್ತಿ ಇಟ್ಟಳು. ಮತ್ತೆ ಅಕ್ಕಿ. ಲೆಕ್ಕ ಐದು ಬೊಗಸೆಯದು. ಆಕೆ ಎಂಟಕ್ಕೂ ನಿಲ್ಲಿಸಲಿಲ್ಲ.

"ಸಾಕ್ರೀ ವೈನಿ" ಎಂದಳು ಬಸವೇಶ್ವರಿ ಮೆಲ್ಲಗೆ, "ಭಾರ ಆಗಾಕತ್ತೈತಿ."