ಪರದೆಯ ಹಿಂದಿನ ಕೀಲಿಕೈಗಳು

ಬೀಗದಣ್ಣನಿಗೆ ನಿನ್ನೆಯಿಂದ ನಿಂತಲ್ಲಿ ನಿಲ್ಲಲಾಗುತ್ತಿಲ್ಲ, ಕೂತಲ್ಲಿ ಕೂರಲಾಗುತ್ತಿಲ್ಲ. ಬೀದಿಯಲ್ಲಿ ಯಾವುದಾದರೂ ಜೀಪು ನಿಧಾನವಾದರೆ ಸಾಕು, ಎದೆ ಧಸಕ್ಕೆನ್ನುತ್ತದೆ. ಎಲ್ಲ ಆ ವಕೀಲಮ್ಮನ ಕೃಪೆ.

ಬೀದಿಯವರಿಗೆ ಅವನೊಬ್ಬ ಮಾಯಗಾರ. ಕೀಲಿಕೈ ಕಳೆದುಕೊಂಡು ಓಡಿ ಬಂದವರಿಗೆ ಬೀಗದ ಮುಖವನ್ನೂ ನೋಡದೆ ಹೊಸದು ಮಾಡಿಕೊಡುತ್ತಿದ್ದ. ಒಳಗುಟ್ಟು ಇಷ್ಟೇ: ಯಾರಿಗೆ ಮಾಡಿಕೊಟ್ಟರೂ ಒಂದನ್ನು ಹೆಚ್ಚಿಗೆ ಮಾಡಿ, ಮನೆಯ ಗುರುತು ಬರೆದು, ಪರದೆಯ ಹಿಂದಿನ ಗೋಡೆಗೆ ನೇತುಹಾಕುವುದು. ಬೇಕಾದಾಗ ಒಳಗೆ ಹೋಗಿ ಖಾಲಿ ಯಂತ್ರವನ್ನು ಗರಗರ ತಿರುಗಿಸಿ, ಬಾರದ ಬೆವರು ಒರೆಸಿಕೊಳ್ಳುತ್ತ ಹೊರಗೆ ಬರುವುದು. ಕಳ್ಳಬುದ್ಧಿಯಲ್ಲ ಪಾಪ, ಬರೀ ಜಂಬ. ಜಂಬ ಪಡುವವನಿಗೆ ಬುದ್ಧಿ ಎಲ್ಲಿಂದ ಬರಬೇಕು!

ನಿನ್ನೆ ಮೇಜಿನ ಬೀಗ ರಿಪೇರಿಗೆ ಬಂದ ವಕೀಲಮ್ಮ ಕೈಗಾದ ಗ್ರೀಸು ತೊಳೆಯಲು ನಲ್ಲಿ ಹುಡುಕುತ್ತ ಪರದೆ ಸರಿಸಿಬಿಟ್ಟರು.

"ನೀವು ಕೀಲಿಕೈ ಇಟ್ಕೊಳ್ಳೋಕೆ ಈ ಮನೆಯವರೆಲ್ಲ ಒಪ್ಪಿದಾರಾ?"

"ಕೇಳಿಲ್ಲ ಮೇಡಂ."

"ಇದರಲ್ಲಿ ಒಂದು ಮನೇಲಿ ಬೀಗ ಮುರೀದೆ ಕಳ್ಳತನ ಆದ್ರೆ ಪೊಲೀಸರು ಮೊದಲು ಎಲ್ಲಿಗೆ ಬರ್ತಾರೆ ಹೇಳಿ? ಅಂಗಡಿ ಮುಚ್ಕೊಂಡು ಕೋರ್ಟಿಗೆ ಅಲೀಬೇಕಾಗತ್ತೆ. ಇನ್ಮೇಲೆ ಗುರುತಿನ ಚೀಟಿ ನೋಡಿ, ಸಹಿ ತಗೊಂಡು ಮಾಡಿ. ಇವನ್ನೆಲ್ಲ ಅವರವರಿಗೆ ಕೊಟ್ಬಿಡಿ."

ಹೆಂಡತಿಯದು ಬೇರೆಯೇ ಲೆಕ್ಕ. "ಕರಗಿಸಿ ಬಿಸಾಕಿ. ಯಾರಿಗೂ ತುಟಿಪಿಟಕ್ ಅನ್ಬೇಡಿ."

"ನೋಡಿದೋರು ಬಾಯಿಬಿಟ್ರೆ? ಬೇರೆಯವರ ಬಾಯಿಂದ ಗೊತ್ತಾದ್ರೆ ಈ ಬೀದೀಲಿ ನನ್ನನ್ನ ಯಾರು ನಂಬ್ತಾರೆ?"

ನಂಬಿಕೆ ಹೋದ ಮೇಲೆ ಬೀಗದವನಿಗೆ ಉಳಿಯುವುದಾದರೂ ಏನು? ಅದೇ ಅವನನ್ನು ಕೊರೆಯುತ್ತಿದ್ದದ್ದು. ಸುಲಭದ ಮನೆಯಿಂದಲೇ ಶುರು ಮಾಡೋಣವೆಂದು ಎದುರಿನ ದರ್ಜಿಯ ಮನೆ ಕೀಲಿಕೈ ಹಿಡಿದು ಅವನ ಬಳಿಗೆ ಹೋದ. ಮೀಸೆ ಚಿಗುರುವ ಮೊದಲಿನ ಗೆಳೆಯ; ನಕ್ಕು ಬೆನ್ನಿಗೊಂದು ಗುದ್ದುತ್ತಾನೆ, ಅಷ್ಟೇ.

ವಿಷಯ ಕೇಳಿ ದರ್ಜಿ ನಗಲಿಲ್ಲ. ಕೀಲಿಕೈ ತೆಗೆದುಕೊಂಡು, ಹೊಲಿಗೆ ಅಂಗಡಿಯ ಪಕ್ಕದಲ್ಲೇ ಇದ್ದ ತನ್ನ ಮನೆ ಬಾಗಿಲಿಗೆ ಹಾಕಿ ತಿರುಗಿಸಿದ. ಬೆಣ್ಣೆಯಲ್ಲಿ ಇಳಿದಂತೆ ತಿರುಗಿತು.

"ಯಾವಾಗಿಂದ ಇದೆ ಇದು?"

"ಬೀಗ ಹಾಕ್ದಾಗಿಂದ. ನೀನು ಕಳ್ಕೊಂಡಾಗ ಥಟ್ಟಂತ ಕೊಡ್ಬಹುದು ಅಂತ..."

"ಕೇಳಿದ್ರೆ ನಾನೇ ಕೊಡ್ತಿದ್ನಲ್ಲೋ."

ಬೈದಿದ್ದರೆ ಬೀಗದಣ್ಣ ತಡೆದುಕೊಳ್ಳುತ್ತಿದ್ದ.

"ಹೊಸ ಬೀಗ ತಗೊಂಡು ಬಾ," ಎಂದ ದರ್ಜಿ. "ಈಗಲೇ."

ಹೋದ, ತಂದ, ಮಂಡಿಯೂರಿ ಕೂತ. ಹಿಂದೆ ಇದೇ ಬಾಗಿಲಿಗೆ ಬೀಗ ಹಾಕುವಾಗ ದರ್ಜಿ ಮನೆಯನ್ನು ಅವನ ಕೈಗೊಪ್ಪಿಸಿ ಪೇಟೆಗೆ ಹೋಗಿದ್ದ. ಇವತ್ತು ಹೊಲಿಗೆ ಬಿಟ್ಟು ಬೆನ್ನ ಹಿಂದೆಯೇ ನಿಂತಿದ್ದ. ಸ್ಕ್ರೂ ಎರಡು ಸಲ ಜಾರಿ ಬಿತ್ತು. ಇಷ್ಟು ವರ್ಷ ಜಾರದ ಕೈ ಅದು.

ಕೆಲಸ ಮುಗಿದಾಗ ದರ್ಜಿ ಅಂಗೈ ಚಾಚಿದ.

"ಇದರ ಕೀಲಿಕೈ ಎಷ್ಟಿವೆ?"

"ಎರಡು."

"ಎರಡೂ ಕೊಡು."

ಕೊಟ್ಟ. ದರ್ಜಿ ಬಾಗಿಲಿನಿಂದ ಕದಲಲಿಲ್ಲ. ಬೀಗದಣ್ಣ ಎದ್ದು ನಿಂತು, ಯಾರೂ ಹೇಳದೆಯೇ, ತನ್ನ ಎರಡೂ ಜೇಬುಗಳನ್ನು ಹೊರಗೆಳೆದು ತೋರಿಸಿದ.